ಗೀಟಿನ ಒಣ ಅಂಚು

ಬುಧವಾರ ಬೆಳಿಗ್ಗೆ ಮ್ಯಾನೇಜರ್ ಒಂದು ಕಾಗದವನ್ನು ಮೇಜಿನ ಮೇಲೆ ತಳ್ಳಿದಾಗ ಎಡಚಿ ಮೊದಲು ನೋಡಿದ್ದು ಅದರ ಒಕ್ಕಣೆಯನ್ನಲ್ಲ, ಅಕ್ಷರಗಳನ್ನು. ಸಾಲುಗಳ ನಡುವೆ ಜಾಗ ಸಾಲದು, ಅಂಚು ತೀರಾ ಕಿರಿದು ಎಂದು ಮನಸ್ಸಿನಲ್ಲೇ ತಪ್ಪು ತೆಗೆದಳು. ತನ್ನ ಹಣೆಬರಹವನ್ನೇ ಓದಲು ಕೊಟ್ಟರೂ ಇವಳು ಮೊದಲು ಕೊಂಬು, ದೀರ್ಘ ನೆಟ್ಟಗಿವೆಯೇ ಎಂದು ನೋಡುತ್ತಾಳೆ ಎಂದು ಅವಳ ಅಕ್ಕ ಆಡಿಕೊಳ್ಳುವುದು ಸುಳ್ಳಲ್ಲ. ಒಕ್ಕಣೆ ತಲೆಗೆ ಹತ್ತಿದ್ದು ಎರಡನೇ ಸಲ ಓದಿದಾಗ.

'ಶುಕ್ರವಾರ ನೀವು ಬಿಡುಗಡೆ ಮಾಡಲಿರುವ ಕುಂಚದ ಫಾಂಟು ನನ್ನ ತಂದೆಯ ಕೈಬರಹ. ನಿಮ್ಮಲ್ಲಿ ಕೆಲಸ ಮಾಡುವ ಅವರ ಶಿಷ್ಯೆ ಅದನ್ನು ಕದ್ದಿದ್ದಾಳೆ. ಜಾಹೀರಾತಿನಲ್ಲಿರುವ ಅ ಅಕ್ಷರ ನನ್ನ ಅಪ್ಪನದು. ಸಾಕ್ಷಿ ನನ್ನ ಬಳಿ ಇದೆ.'

ಕೆಳಗೆ ಮೇಷ್ಟ್ರ ಮಗಳ ಸಹಿ ಇತ್ತು.

"ನಿಜಾನಾ?" ಎಂದರು ಮ್ಯಾನೇಜರ್.

"ಸುಳ್ಳು ಸರ್. ಒಂದೊಂದು ಅಕ್ಷರಾನೂ ನಾನೇ ಬರ್ದಿದ್ದು. ಮೂಲ ಹಾಳೆ ಎಲ್ಲಾ ಮನೇಲಿದೆ."

"ಹಾಗಾದ್ರೆ ನಾಳೆ ಹನ್ನೊಂದಕ್ಕೆ ತಗೊಂಡು ಬನ್ನಿ. ಅವರನ್ನೂ ಕರೆಸ್ತೀನಿ. ನಿಮ್ಮದೇ ಅಂತಾದ್ರೆ ಶುಕ್ರವಾರ ಬಿಡುಗಡೆ. ಇಲ್ಲ ಅಂದ್ರೆ..." ಮ್ಯಾನೇಜರ್ ಮಾತು ನಿಲ್ಲಿಸಿ ಮೇಜಿನ ಮೇಲಿದ್ದ ಪೆನ್ನನ್ನು ನೇರ ಮಾಡಿದರು. ಇಲ್ಲ ಎಂದರೆ ಫಾಂಟು ಹೋಗುತ್ತದೆ, ಅದರ ಹಿಂದೆ ಕೆಲಸವೂ ಹೋಗುತ್ತದೆ. ಗುರುವಿನ ಮನೆಗೇ ಕನ್ನ ಹಾಕಿದವಳು ಎಂಬ ಹೆಸರು ಮಾತ್ರ ಉಳಿಯುತ್ತದೆ. ಇದನ್ನು ಹೇಳುವುದಕ್ಕೆ ಪೆನ್ನು ಸಾಕಾಯಿತು.

ಮೇಷ್ಟ್ರು ತೀರಿಕೊಂಡು ಎರಡು ವರ್ಷ. ಒಂದು ಕಾಲಕ್ಕೆ ಊರಿನ ಅರ್ಧದಷ್ಟು ಪೋಸ್ಟರುಗಳ ದಪ್ಪ ಅಕ್ಷರಗಳು ಅವರ ಕುಂಚದಿಂದಲೇ ಇಳಿದಿದ್ದವು. ಎಡಚಿ ಅವರ ಮನೆಗೆ ವಾರಕ್ಕೆ ಮೂರು ದಿನದಂತೆ ಆರು ವರ್ಷ ಹೋಗಿ ಕಲಿತಳು. ಎಡಗೈಯಲ್ಲಿ ಬರೆಯುವ ಹುಡುಗಿಗೆ ಆ ಹೆಸರಿಟ್ಟವರೂ ಅವರೇ, ಅದು ಎಷ್ಟು ಗಟ್ಟಿಯಾಗಿ ಅಂಟಿತೆಂದರೆ ಈಗ ಒಡಹುಟ್ಟಿದ ಅಕ್ಕನೂ ಹಾಗೇ ಕರೆಯುತ್ತಾಳೆ. ಕೆಲಸ ಸಿಕ್ಕ ಮೇಲೆ ಅಲ್ಲಿಗೆ ಹೋಗುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಮುಂದಿನ ವಾರ ಹೋದರಾಯಿತು, ಮುಂದಿನ ವಾರ ಹೋದರಾಯಿತು ಎನ್ನುತ್ತಲೇ ನಾಲ್ಕು ವರ್ಷ ಕಳೆದು, ಒಂದು ದಿನ ಹೋಗಬೇಕಾದ ಅಗತ್ಯವೇ ಇಲ್ಲದಂತಾಯಿತು. ಆ ಮುಳ್ಳು ಅವಳೊಳಗೆ ಇನ್ನೂ ಇತ್ತು, ಅದನ್ನು ಅವಳೇನೂ ಅಲ್ಲಗಳೆಯುತ್ತಿರಲಿಲ್ಲ. ಆದರೆ ಕಳ್ಳಿ ಎನಿಸಿಕೊಳ್ಳುವುದೆಂದರೆ ಬೇರೆ.

ಫಾಂಟು ತಯಾರಿಸುವ ಆ ಕಂಪನಿಯಲ್ಲಿ ಅವಳು ಒಂಬತ್ತು ವರ್ಷ ಬೇರೆಯವರ ಅಕ್ಷರಗಳ ಧೂಳು ಒರೆಸಿದ್ದಳು. ಇದು ಅವಳ ಹೆಸರಿನಲ್ಲಿ ಬರಲಿದ್ದ ಮೊದಲ ಫಾಂಟು. ಕುಂಚದ ಬರಹವನ್ನು ಕಂಪ್ಯೂಟರಿಗೆ ಇಳಿಸುವುದು ಸುಲಭದ ತುತ್ತಲ್ಲ. ಕೈಯಲ್ಲಿ ಬರೆದ ಎರಡು 'ಕ' ಎಂದೂ ಒಂದೇ ಥರ ಇರುವುದಿಲ್ಲ, ಯಂತ್ರದಲ್ಲಿ ಒತ್ತಿದ ಎರಡು 'ಕ' ಎಂದೂ ಬೇರೆ ಥರ ಇರುವುದಿಲ್ಲ. ಹಾಗಾಗಿ ಒಂದೊಂದು ಅಕ್ಷರಕ್ಕೂ ಮೂರು ಮೂರು ರೂಪಗಳನ್ನಿಟ್ಟು, ಅಕ್ಕಪಕ್ಕ ಬಂದಾಗ ಅವು ತಾವಾಗಿಯೇ ಬದಲಾಗುವಂತೆ ಮಾಡಬೇಕು. ಬಣ್ಣ ತೀರುತ್ತ ಬಂದ ಕುಂಚ ಕಾಗದದ ಮೇಲೆ ಬಿಡುವ ಬಿರುಸು ಎಳೆಗಳನ್ನು ಉಳಿಸಿಕೊಳ್ಳಬೇಕು, ಆದರೆ ಎಲ್ಲವನ್ನೂ ಉಳಿಸಿಕೊಂಡರೆ ಕಡತದ ಭಾರಕ್ಕೆ ಫೋನಿನಲ್ಲಿ ಅಕ್ಷರ ಕುಂಟುತ್ತದೆ. ನೂರು ಎಳೆಗಳಲ್ಲಿ ಐದನ್ನು ಉಳಿಸಿ ತೊಂಬತ್ತೈದನ್ನು ಕೊಲ್ಲಬೇಕು. ಯಾವ ಐದು ಎನ್ನುವುದರಲ್ಲೇ ಎಲ್ಲ ಇರುವುದು. ಕಲಿಯುವಾಗ ಬರೆದ ಹಳೆಯ ಹಾಳೆಗಳಿಂದ ಕೆಲವು, ಆಮೇಲೆ ಬರೆದವುಗಳಿಂದ ಹಲವು ಅಕ್ಷರಗಳನ್ನು ಆರಿಸಿಕೊಂಡು ಎರಡು ವರ್ಷ ಅವಳು ಇದೇ ಕೆಲಸ ಮಾಡಿದ್ದಳು. ಬೆನ್ನು ಹೋಗಿ, ಕಣ್ಣಿಗೆ ಕನ್ನಡಕ ಬಂದಿತ್ತು.

ಮಧ್ಯಾಹ್ನವೇ ಮನೆಗೆ ಬಂದು ಮಂಚದ ಕೆಳಗಿನ ಟ್ರಂಕನ್ನು ಹೊರಗೆಳೆದಳು. ಅಕ್ಕ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಅವಳು ಬಟ್ಟೆ ಹೊಲಿಯುವವಳು, ಬಾಯಿಯೂ ಸೂಜಿಯಷ್ಟೇ ಚುರುಕು.

"ಏನೇ, ಇಷ್ಟು ಬೇಗ? ಕೆಲಸದಿಂದ ತೆಗೆದುಹಾಕಿದ್ರಾ?"

"ನಾಳೆ ತೆಗೀತಾರಂತೆ," ಎಂದು ಎಡಚಿ ವಿಷಯ ಹೇಳಿದಳು.

ಅಕ್ಕ ಪೆಡಲಿನ ಮೇಲಿಂದ ಕಾಲು ತೆಗೆದಳು. "ಹಾಳೆ ಇದೆಯಲ್ಲ, ಅವಳ ಮುಖದ ಮೇಲೆ ಹಿಡಿ. ಕೈಗೆ ಹಾಕಿದ ಬಳೆ ನೋಡೋಕೆ ಕನ್ನಡಿ ಯಾಕೆ?"

ಹಾಳೆಗಳೇನೋ ಇದ್ದವು. ಫಾಂಟಿಗೆ ಬಳಸಿದ ಒಂದೊಂದು ಅಕ್ಷರದ ಮೂಲವನ್ನೂ ಹುಡುಕಿ ಕಿಟಕಿಯ ಕೆಳಗೆ ನೆಲದ ಮೇಲೆ ಸಾಲಾಗಿ ಹರಡುತ್ತ ಹೋದಳು. ಅರ್ಧ ಗಂಟೆಯಲ್ಲಿ ನೆಲ ತುಂಬಿತು, ಅವಳಿಗೆ ಜೀವ ಬಂದಂತಾಯಿತು. ಒಂದೂ ತಪ್ಪಿಹೋಗಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು ಎದ್ದು ನಿಂತು, ಎಲ್ಲವನ್ನೂ ಒಟ್ಟಿಗೆ ನೋಡಿದಳು. ಆಗ ಕಂಡಿತು.

ಚಪ್ಪಟೆ ಕುಂಚವನ್ನು ಓರೆಯಾಗಿ ಹಿಡಿದು ಮೇಲಿನಿಂದ ಕೆಳಕ್ಕೆ ಎಳೆದರೆ ಗೀಟಿನ ಒಂದು ಅಂಚು ಒದ್ದೆಯಾಗಿ ನುಣ್ಣಗೆ ಬರುತ್ತದೆ, ಇನ್ನೊಂದು ಅಂಚು ಒಣಗಿ ಎಳೆ ಎಳೆಯಾಗುತ್ತದೆ. ಕೈ ಯಾವ ಕಡೆಗಿದೆಯೋ ಒಣ ಅಂಚು ಆ ಕಡೆಗೆ. ಬಲಗೈಯವರದು ಬಲಕ್ಕೆ, ಎಡಗೈಯವರದು ಎಡಕ್ಕೆ. ನೆಲದ ಮೇಲಿದ್ದ ಹಾಳೆಗಳಲ್ಲೆಲ್ಲ ಒಣ ಅಂಚು ಎಡಕ್ಕಿತ್ತು. ಏಳರಲ್ಲಿ ಮಾತ್ರ ಬಲಕ್ಕಿತ್ತು.

ಎಡಚಿ ಮೆಲ್ಲಗೆ ಕೂತಳು. ಆ ಏಳರಲ್ಲಿ ಒಂದು ಜಾಹೀರಾತಿನ 'ಅ'.

"ಅಕ್ಕಾ, ಮನೆ ಬದಲಾಯ್ಸಿದಾಗ ನೀಲಿ ಫೈಲಲ್ಲಿ ಮೇಷ್ಟ್ರ ಹಾಳೆ ಬೇರೆ ಇಟ್ಟಿದ್ನಲ್ಲ, ಅದನ್ನ ಏನು ಮಾಡಿದೆ?"

"ಟ್ರಂಕಲ್ಲಿ ಎಲ್ಲದರ ಜೊತೆ ಸೇರ್ಸಿ ಜೋಡಿಸ್ದೆ. ಯಾಕೆ, ಎಲ್ಲಾ ಅಕ್ಷರಾನೇ ಅಲ್ವಾ?"

ಅಕ್ಕನನ್ನು ಬೈದು ಫಲವಿರಲಿಲ್ಲ. ತಪ್ಪು ಅಕ್ಕನದೂ ಆಗಿರಲಿಲ್ಲ. ಮೇಷ್ಟ್ರು ಯಾರ ಬಳಿಯೂ ದುಡ್ಡು ಮುಟ್ಟುತ್ತಿರಲಿಲ್ಲ. ಪಾಠ ಮುಗಿದ ಮೇಲೆ ಶಿಷ್ಯೆ ಆ ದಿನ ಬರೆದ ಹಾಳೆಗಳನ್ನೆಲ್ಲ ಹರಡಿ, ತಮಗೆ ಇಷ್ಟವಾದ ಒಂದನ್ನು ಎತ್ತಿಕೊಂಡು "ಇದು ನನ್ನ ಫೀಸು" ಎನ್ನುತ್ತಿದ್ದರು. ಆಮೇಲೆ ತಾವು ಬರೆದದ್ದರಲ್ಲಿ ಒಂದನ್ನು ಅವಳ ಕೈಗಿಟ್ಟು "ತಗೋ, ಚಿಲ್ಲರೆ. ಬಿಟ್ಟು ಹೋಗ್ಬೇಡ" ಎಂದು ನಗುತ್ತಿದ್ದರು. ಹಾಳೆಗೆ ಸಹಿ ಹಾಕಲು ಬಿಡುತ್ತಿರಲಿಲ್ಲ. ಓದುವವನಿಗೆ ಅಕ್ಷರ ಬೇಕು, ನಿನ್ನ ಹೆಸರು ಕಟ್ಟಿಕೊಂಡು ಅವನಿಗೇನಾಗಬೇಕು ಎನ್ನುತ್ತಿದ್ದರು. ಈಗ ಆ ಚಿಲ್ಲರೆಯಲ್ಲಿ ಏಳು ಹಾಳೆ ಅವಳ ಫಾಂಟಿನೊಳಗೆ ಹೋಗಿ ಕೂತಿದ್ದವು.

ಕಣ್ಣಿಗೆ ಬಿದ್ದಿರಲಿಲ್ಲ ಎಂದರೆ ಅದು ಅರ್ಧ ಸುಳ್ಳು. ಐದು ಎಳೆ ಬಿಟ್ಟು ಉಳಿದದ್ದನ್ನು ಕೊಲ್ಲುವ ಭರದಲ್ಲಿ ಯಾವ ಕಡೆಯ ಎಳೆ ಎಂದು ನೋಡಿರಲಿಲ್ಲ, ಅದು ನಿಜ. ಆದರೆ ಆ ಏಳನ್ನು ಆರಿಸುವಾಗ ಅವಳಿಗೆ ಅನಿಸಿದ್ದು ಇನ್ನೊಂದು. ಆ ದಿನ ನನ್ನ ಕೈ ಎಷ್ಟು ಚೆನ್ನಾಗಿ ಓಡಿದೆ ಎಂದುಕೊಂಡಿದ್ದಳು! ಮೇಷ್ಟ್ರ ಅಕ್ಷರ ನೋಡಿ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದಳು. ಅದು ನೆನಪಾಗಿ ಅವಳಿಗೆ ಮುಖ ಮುಚ್ಚಿಕೊಳ್ಳುವಷ್ಟು ನಾಚಿಕೆಯಾಯಿತು.

"ಈ ಒಣ ಗಿಣ ಎಲ್ಲಾ ನಿನಗೆ ಬಿಟ್ಟು ಯಾರಿಗೆ ಗೊತ್ತಾಗುತ್ತೆ?" ಎಂದಳು ಅಕ್ಕ, ಎಲ್ಲ ಕೇಳಿದ ಮೇಲೆ. "ಆ ಮ್ಯಾನೇಜರಿಗೆ ಎಡ ಬಲ ಗೊತ್ತಿದ್ಯಾ? ಮೇಷ್ಟ್ರ ಮಗಳು ಕುಂಚ ಹಿಡಿದವಳೇ ಅಲ್ಲ. ಆ ಏಳು ಹಾಳೆ ನೀನೇ ಬರ್ದು ಇಟ್ಬಿಡು. ಹೊಲಿಗೆ ಬಿಚ್ಚಿ ಮತ್ತೆ ಹೊಲಿದ ಹಾಗೆ."

ಎಡಚಿ ಎದ್ದು ಹೋಗಿ ಬೆಳಕಿನ ಪೆಟ್ಟಿಗೆಯ ದೀಪ ಹಾಕಿದಳು. ಕೆಳಗೆ ದೀಪ, ಮೇಲೆ ಗಾಜು ಇರುವ ಆ ಪೆಟ್ಟಿಗೆಯ ಮೇಲೆ ಒಂದು ಹಾಳೆಯಿಟ್ಟು ಇನ್ನೊಂದನ್ನು ಹೊದಿಸಿದರೆ ಕೆಳಗಿನದು ನೆರಳಿನಂತೆ ಕಾಣುತ್ತದೆ. ಆ ಕಾಲದ ಖಾಲಿ ಕಾಗದವೂ ಟ್ರಂಕಿನ ತಳದಲ್ಲಿತ್ತು, ಅಂಚು ಹಳದಿಯಾಗಿತ್ತು. ಮೇಷ್ಟ್ರ 'ಅ'ವನ್ನು ಗಾಜಿನ ಮೇಲಿಟ್ಟಳು. ಅದರ ಮೇಲೆ ಖಾಲಿ ಹಾಳೆ. ಎಡಗೈಯಲ್ಲಿ ಕುಂಚ. ಉಸಿರು ಬಿಗಿಹಿಡಿದು ಎಳೆದಳು. ಮೈ ಅದೇ, ತಿರುವು ಅದೇ. ಒಣ ಅಂಚು ಮಾತ್ರ ಎಡಕ್ಕೆ. ಕೈ ಒಂಚೂರೂ ನಡುಗದಿದ್ದದ್ದು ಅವಳಿಗೇ ಹೆದರಿಕೆ ತಂದಿತು. ಎರಡನೆಯದಾಯಿತು, ಮೂರನೆಯದಾಯಿತು. ಹೊರಗೆ ಬೆಳಕು ಇಳಿಯುವ ಹೊತ್ತಿಗೆ ಏಳೂ ಮುಗಿದು ಕುರ್ಚಿಯ ಬೆನ್ನುಗಳ ಮೇಲೆ ಒಣಗುತ್ತಿದ್ದವು.

ಮಧ್ಯಾಹ್ನದವರೆಗೆ ಅವಳು ಮಾಡಿದ್ದು ತಪ್ಪು. ಸಂಜೆಗೆ ಅದು ಕಳ್ಳತನವಾಯಿತು. ಕದ್ದಿದ್ದಾಳೆ ಎಂದು ಕಾಗದದಲ್ಲಿ ಬರೆದ ಮಾತನ್ನು ತಾನೇ ಕೂತು ನಿಜ ಮಾಡಿದ್ದಳು.

ಅಕ್ಕ ಬಾಗಿಲಲ್ಲಿ ನಿಂತು ಒಂದೊಂದನ್ನೇ ನೋಡಿದಳು. ಭೇಷ್ ಎನ್ನಬಹುದು ಎಂದು ಎಡಚಿ ಕಾದಳು.

"ಚೆನ್ನಾಗೇನೋ ಇದೆ," ಎಂದಳು ಅಕ್ಕ. "ಆದ್ರೆ ನಾನು ಆಗ ಹೇಳಿದ್ದು ಪೂರ್ತಿ ಸರಿಯಿಲ್ಲ ಕಣೆ. ಬಿಚ್ಚಿ ಹೊಲಿದ್ರೆ ಹಳೇ ಸೂಜಿ ತೂತು ಉಳ್ಕೊಳುತ್ತೆ. ಹಾಕ್ಕೊಳ್ಳೋರಿಗೆ ಕಾಣಲ್ಲ, ಹೊಲಿದವಳಿಗೆ ಕಾಣ್ತಾನೇ ಇರುತ್ತೆ."

"ಈಗ ಹೇಳ್ತೀಯಾ ಇದನ್ನ?"

"ಈಗ ನೆನಪಾಯ್ತು, ಈಗ ಹೇಳ್ದೆ. ಬಾ, ಊಟ ಮಾಡು."

ಗುರುವಾರ ಎಡಚಿಯ ಚೀಲದಲ್ಲಿ ಅವಳ ಹಾಳೆಗಳ ದೊಡ್ಡ ಕಟ್ಟಿನ ಜೊತೆಗೆ ಎರಡು ಫೈಲುಗಳಿದ್ದವು. ನೀಲಿಯದರಲ್ಲಿ ಮೇಷ್ಟ್ರ ಏಳು ಹಾಳೆಗಳು, ಕಂದು ಬಣ್ಣದ್ದರಲ್ಲಿ ನಿನ್ನೆಯ ಏಳು. ಯಾವುದನ್ನು ತೆಗೆಯುತ್ತೇನೆ ಎಂದು ಬಸ್ಸಿನಲ್ಲೂ ಗೊತ್ತಿರಲಿಲ್ಲ, ಲಿಫ್ಟಿನಲ್ಲೂ ಗೊತ್ತಿರಲಿಲ್ಲ.

ಮೇಷ್ಟ್ರ ಮಗಳು ಆಗಲೇ ಬಂದು ಕೂತಿದ್ದಳು. ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಆರು ವರ್ಷ ಬಾಗಿಲು ತೆರೆದು "ಅಪ್ಪಾ, ನಿಮ್ಮ ಎಡಚಿ ಬಂದ್ಲು" ಎಂದು ಕೂಗುತ್ತಿದ್ದವಳು. ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದು, ಯಾವುದನ್ನು ಎತ್ತಿದರೂ ಅಂಚಿನಲ್ಲೇ ಹಿಡಿದು ಎತ್ತುತ್ತಾಳೆ. ಇವಳ ಮುಖವನ್ನು ಅವಳು ನೋಡಲಿಲ್ಲ.

"ಮೊದಲು ನಿಮ್ಮದು ತೋರ್ಸಿ," ಎಂದರು ಮ್ಯಾನೇಜರ್ ಅವಳಿಗೆ.

ಅವಳು ಬಟ್ಟೆಯ ಗಂಟು ಬಿಚ್ಚಿ ಹನ್ನೊಂದು ಹಾಳೆಗಳನ್ನು ಮೇಜಿನ ಮೇಲೆ ಒಂದೊಂದಾಗಿ ಇಟ್ಟಳು. "ಇದು ಅಪ್ಪನ ದಿಂಬಿನ ಪಕ್ಕ ಇದ್ದ ಕಟ್ಟು. ಅವರು ಬರ್ದಿದ್ದು ಮನೆ ತುಂಬಾ ಇದೆ. ಆದ್ರೆ ಇದನ್ನ ಮಾತ್ರ ಯಾರೂ ಮುಟ್ಟೋ ಹಾಗಿರ್ಲಿಲ್ಲ. ಇವಳ ಫಾಂಟಿನ ಪಕ್ಕ ಇಟ್ಟು ನೋಡಿ ಸರ್, ಒಂದೇ ಕೈ."

ಮ್ಯಾನೇಜರ್ ಫಾಂಟಿನ ಅಚ್ಚುಹಾಳೆಗಳನ್ನು ಪಕ್ಕದಲ್ಲಿಟ್ಟು ಭೂತಗನ್ನಡಿ ಹಿಡಿದರು. ಒಂದು ಹಾಳೆ ನೋಡಿದರು, ಎರಡು ನೋಡಿದರು. ಐದನೆಯದರ ಹೊತ್ತಿಗೆ ಅವರ ಮುಖ ಗಡುಸಾಗಿತ್ತು. "ಇದೂ ಅದೂ ಒಂದೇ ಕೈ. ಇದಕ್ಕೆ ಏನು ಹೇಳ್ತೀರಿ?"

ಎಡಚಿಯ ಕಣ್ಣು ಆ ಹನ್ನೊಂದು ಹಾಳೆಗಳ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಮತ್ತೆ ವಾಪಸು ಬಂತು. ಒಣ ಅಂಚು ಎಡಕ್ಕಿತ್ತು. ಹನ್ನೊಂದರಲ್ಲೂ ಎಡಕ್ಕೇ ಇತ್ತು.

ಅವು ಅವಳು ಕೊಟ್ಟ ಫೀಸು.

ಒಂದೇ ಕೈ ಎಂದು ಇವರು ಹೇಳಿದ್ದು ನಿಜ, ಆದರೆ ಆ ಕೈ ಎಡಚಿಯದು. ಎಡ ಬಲದ ಲೆಕ್ಕವನ್ನು ಈಗ ಬಿಡಿಸಿ ಹೇಳಿದರೆ ಸಾಕು, ಎದುರಿನವಳ ಸಾಕ್ಷಿ ಇವಳ ಸಾಕ್ಷಿಯೇ ಆಗಿಬಿಡುತ್ತದೆ. ಆದರೆ ಅದು ಇಬ್ಬಾಯಿ ಕತ್ತಿ. ಅದೇ ಲೆಕ್ಕ ನೀಲಿ ಫೈಲಿನ ಏಳು ಹಾಳೆಗಳನ್ನೂ ಹಿಡಿದುಕೊಡುತ್ತದೆ. ಕಂದು ಫೈಲು ತೆಗೆದರೆ ಆ ತೊಂದರೆಯೂ ಇಲ್ಲ. ಎಲ್ಲವೂ ಎಡಕ್ಕೆ, ಎಲ್ಲವೂ ಅವಳದೇ. ಶುಕ್ರವಾರ ಬಿಡುಗಡೆ, ಫಾಂಟಿನ ಮೇಲೆ ಅವಳ ಹೆಸರು. ಕೈ ತಾನಾಗಿ ಚೀಲದೊಳಗೆ ಹೋಯಿತು. ಬೆರಳಿಗೆ ಕಂದು ಫೈಲಿನ ದಾರ ಸಿಕ್ಕಿತು.

"ಕೊನೇ ವರ್ಷ ದಿನಾ ಇದನ್ನ ಮುಂದೆ ಇಟ್ಕೊಂಡು ಬರೀತಿದ್ರು," ಎನ್ನುತ್ತಿದ್ದಳು ಮೇಷ್ಟ್ರ ಮಗಳು, ಮ್ಯಾನೇಜರಿಗೆ. "ಕೈ ನಡುಗ್ತಿತ್ತು. ಹತ್ತು ಸಲ ಬರ್ದು, 'ನೋಡು, ಈ ಥರ ಬರ್ತಾನೇ ಇಲ್ಲ' ಅಂತ ನನಗೆ ತೋರ್ಸೋರು. ತಮ್ಮ ಹಳೇ ಕೈ ತಮಗೇ ಬರ್ತಿಲ್ಲ ಅಂತ ಸಂಕಟಪಡ್ತಾ ಇದ್ದಾರೆ ಅಂತ ನನಗೂ ಅಳು ಬರೋದು. ಅಂಥ ಅಕ್ಷರಾನ ಇವಳು..."

ಎಡಚಿಯ ಬೆರಳು ದಾರದ ಮೇಲೆ ನಿಂತುಬಿಟ್ಟಿತು. ಮೇಷ್ಟ್ರು ನೋಡಿ ಬರೆಯುತ್ತಿದ್ದದ್ದು ತಮ್ಮ ಹಳೆಯ ಕೈಯನ್ನಲ್ಲ. ನಾಲ್ಕು ವರ್ಷ ಹೊಸ್ತಿಲು ತುಳಿಯದ ಶಿಷ್ಯೆಯ ಹಾಳೆಯನ್ನು ಮುಂದಿಟ್ಟುಕೊಂಡು, ನಡುಗುವ ಬಲಗೈಯಲ್ಲಿ, ಎಡಗೈಯ ಗೀಟನ್ನು ತರಲು ನೋಡುತ್ತಿದ್ದರು. ಬರುವುದು ಹೇಗೆ? ಅವರು ದಿನಾ ಕಲಿಯಲು ಕೂತಿದ್ದರು, ಇವಳು ಮುಂದಿನ ವಾರ ಹೋದರಾಯಿತು ಎಂದುಕೊಂಡಿದ್ದಳು.

ಅವಳಿಗೆ ಜೋರಾಗಿ ಅತ್ತುಬಿಡಬೇಕೆನಿಸಿತು. ಅಳಲಿಲ್ಲ. ನೀಲಿ ಫೈಲನ್ನು ಹೊರಗೆ ತೆಗೆದಳು.

"ಇದರಲ್ಲಿರೋ ಏಳು ಹಾಳೆ ಮೇಷ್ಟ್ರದು," ಎಂದಳು. "ಆ 'ಅ' ಅವರದೇ. ಏಳೂ ನನ್ನ ಫಾಂಟಲ್ಲಿದೆ. ನನ್ನದು ಅಂದ್ಕೊಂಡೇ ಹಾಕಿದ್ದೆ, ನಿನ್ನೆ ಮಧ್ಯಾಹ್ನ ಗೊತ್ತಾಯ್ತು. ಉಳಿದಿದ್ದೆಲ್ಲಾ ನನ್ನದು. ನೀನು ತಂದಿರೋ ಹನ್ನೊಂದೂ ನನ್ನದೇ."

"ಏನು?" ಮೇಷ್ಟ್ರ ಮಗಳು ಎದ್ದೇಬಿಟ್ಟಳು. "ಅಪ್ಪನ ಕೈ ನನಗೆ ಗೊತ್ತಿಲ್ವಾ?"

"ಕೂತ್ಕೋ. ತೋರಿಸ್ತೀನಿ."

ಕುಂಚ, ಬಣ್ಣದ ಶೀಸೆ ಚೀಲದಲ್ಲೇ ಇದ್ದವು. ಅವರಿಬ್ಬರ ಕಣ್ಣೆದುರಿಗೆ ಎಡಗೈಯಲ್ಲಿ ಒಂದು ಗೀಟು ಎಳೆದಳು. ಒಣ ಅಂಚು ಎಡಕ್ಕೆ ಬಿತ್ತು. ಆಮೇಲೆ ಕುಂಚವನ್ನು ಮ್ಯಾನೇಜರ್ ಕೈಗೆ ಕೊಟ್ಟು, ಹೀಗೇ ಓರೆ ಹಿಡಿದು ಎಳೆಯಿರಿ ಎಂದಳು. ಅವರು ಬಲಗೈಯಲ್ಲಿ ಎಳೆದದ್ದು ಸೊಟ್ಟಗಿತ್ತು, ಆದರೂ ಒಣ ಅಂಚು ಬಲಕ್ಕೆ ಬಿತ್ತು. ಮೇಷ್ಟ್ರ ಮಗಳು ಕೈ ಚಾಚಿ ಭೂತಗನ್ನಡಿ ತೆಗೆದುಕೊಂಡಳು. ಪರೀಕ್ಷೆ ಮಾಡುವುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹನ್ನೊಂದನ್ನೂ ನೋಡಿದಳು, ನೀಲಿ ಫೈಲಿನ ಏಳನ್ನೂ ನೋಡಿದಳು, ಮತ್ತೆ ಮೊದಲಿನಿಂದ ಹನ್ನೊಂದನ್ನು ನೋಡಿದಳು. ಎಡಚಿ ಫೀಸಿನ ಕಥೆಯನ್ನೂ ಚಿಲ್ಲರೆಯ ಕಥೆಯನ್ನೂ ಹೇಳುತ್ತಿರುವಾಗ ಅವಳು ತಲೆಯೆತ್ತಲಿಲ್ಲ.

"ಚೀಲದಲ್ಲಿ ಇನ್ನೊಂದು ಫೈಲಿದೆಯಲ್ಲ, ಅದೇನು?" ಎಂದರು ಮ್ಯಾನೇಜರ್.

ಅಲ್ಲಿಗೆ ಸುಮ್ಮನಿದ್ದಿದ್ದರೆ ನಡೆಯುತ್ತಿತ್ತು. ಖಾಲಿ ಕಾಗದ ಎಂದರೆ ಅವರು ನಂಬುತ್ತಿದ್ದರು. "ನಿನ್ನೆ ಸಂಜೆ ಈ ಏಳನ್ನೂ ಕೆಳಗಿಟ್ಟು ನಕಲು ತೆಗ್ದೆ," ಎಂದಳು ಎಡಚಿ. "ಇವತ್ತು ಇದನ್ನೇ ತೋರ್ಸೋಣ ಅಂತಿದ್ದೆ. ಇದು ಮಾತ್ರ ಕಳ್ಳತನಾನೇ ಸರ್."

ಮ್ಯಾನೇಜರ್ ಕಂದು ಫೈಲನ್ನು ಬಿಚ್ಚಿ ನೋಡಿ ಮುಚ್ಚಿದರು. "ಶುಕ್ರವಾರ ಬಿಡುಗಡೆ ಇಲ್ಲ," ಎಂದರು. "ಏಳು ಅಕ್ಷರ ತೆಗೀಬೇಕು, ಜಾಹೀರಾತು ವಾಪಸ್ ತರಿಸ್ಬೇಕು. ಅದು ಹಾಗಿರ್ಲಿ. ಈ ಫೈಲಿನ ವಿಷಯ ನಾನು ಮೇಲಿನವರಿಗೆ ಬರೀಲೇಬೇಕು. ಕೆಲಸದ ಬಗ್ಗೆ ಅವರೇ ತೀರ್ಮಾನ ಮಾಡ್ತಾರೆ." ಕಂದು ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಹೋದರು. ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಕೋಣೆಯಲ್ಲಿ ಇಬ್ಬರೇ ಉಳಿದರು.

"ನನ್ನ ಸಿಟ್ಟು ಹೋಗಿಲ್ಲ," ಎಂದಳು ಮೇಷ್ಟ್ರ ಮಗಳು.

"ಹೋಗ್ಲಿ ಅಂತ ನಾನೂ ಕೇಳಲ್ಲ."

"ಎರಡು ಸಲ ಕೇಳಿದ್ರು, ಎಡಚಿ ಬಂದ್ಲಾ ಅಂತ. ಎರಡು ಸಲಾನೂ ನಾಳೆ ಬರ್ತಾಳೆ ಅಂದೆ. ಸಾಯೋರ ಹತ್ರ ನಿನಗೋಸ್ಕರ ಸುಳ್ಳು ಹೇಳ್ದೆ."

ತಪ್ಪಾಯಿತು ಎನ್ನುವ ಮಾತು ಎಡಚಿಯ ಬಾಯಿಗೆ ಬಂದು ತೀರಾ ಸಣ್ಣದೆನಿಸಿ ಒಳಗೇ ಉಳಿಯಿತು. ಈಗ ಅವಳಿಗೆ ಅಳು ತಡೆಯಲಾಗಲಿಲ್ಲ. ಮೇಷ್ಟ್ರ ಮಗಳು ಸಮಾಧಾನ ಹೇಳಲೂ ಇಲ್ಲ, ಎದ್ದು ಹೋಗಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಹನ್ನೊಂದು ಹಾಳೆಗಳನ್ನು ಇವಳ ಕಡೆಗೆ ಸರಿಸಿದಳು.

"ನಿನ್ನದಲ್ವಾ, ತಗೋ."

"ಅದು ಫೀಸು. ಕೊಟ್ಟಾಯ್ತು," ಎಂದಳು ಎಡಚಿ, ಮೂಗು ಒರೆಸಿಕೊಳ್ಳುತ್ತ. "ದಿಂಬಿನ ಪಕ್ಕ ಇದ್ದಿದ್ದು, ನಿಮ್ಮನೇಲೇ ಇರ್ಲಿ. ಈ ಏಳೂ ನೀನೇ ಇಟ್ಕೋ. ಮೇಷ್ಟ್ರದು ನಿನಗೆ ಸೇರ್ಬೇಕು."

ಮೇಷ್ಟ್ರ ಮಗಳು ಹನ್ನೊಂದನ್ನು ಜೋಡಿಸಿ ಬಟ್ಟೆಯಲ್ಲಿ ಗಂಟು ಕಟ್ಟಿದಳು. ಅಪ್ಪನ 'ಅ'ವನ್ನು ಎರಡೂ ಅಂಚು ಹಿಡಿದು ಎತ್ತಿ ಬೆಳಕಿಗೆ ಒಡ್ಡಿದಳು. ಬಲಗಡೆಯ ಒಣ ಎಳೆಗಳನ್ನು ಒಂದೊಂದಾಗಿ ಎಣಿಸುವವಳ ಹಾಗೆ ನೋಡಿದಳು. ಆಮೇಲೆ ಏಳು ಹಾಳೆಗಳನ್ನೂ ಮೂಲೆ ಮಡಚದಂತೆ ನೀಲಿ ಫೈಲಿನೊಳಗೆ ಇಟ್ಟು, ದಾರ ಸುತ್ತಿ, ಮೇಜಿನ ಈಚೆಗೆ ಚಾಚಿದಳು.

"ತಗೋ, ಚಿಲ್ಲರೆ," ಎಂದಳು. "ಬಿಟ್ಟು ಹೋಗ್ಬೇಡ."

ಎಡಚಿ ಎರಡೂ ಕೈ ಚಾಚಿ ತೆಗೆದುಕೊಂಡಳು.